ಬೇಚರಾಕ್ ಹಟ್ಟಿಯ ಜಪಾನ್ ಮೇಷ್ಟ್ರು

ಗಾದಿಲಿಂಗ ಕೂಗಾಡಿದ್ದನ್ನು ನಾನು ಒಮ್ಮೆಯೂ ನೋಡಿಲ್ಲ. ಭೂಮಿ ಹೋರಾಟದ ಮಂದಿಗೆ ಕೂಗುವುದೇ ಕಸುಬು. ಕೂಡ್ಲಿಗಿಯಲ್ಲಿ ಧರಣಿ ಕೂತಾಗಲೆಲ್ಲ ನಾವು ಗಂಟಲು ಹರಿದುಕೊಳ್ಳುತ್ತಿದ್ದರೆ ಆತ ಪೆಂಡಾಲಿನ ಮೂಲೆಯಲ್ಲಿ ಕೂತು ಪೆನ್ನಿನ ಮುಚ್ಚಳ ಕಚ್ಚುತ್ತಿದ್ದ. "ಲೇ, ಒಂದೀಟು ನೀನೂ ಬಾಯಿ ಬಿಡಲೇ" ಅಂದರೆ, "ನೀ ಕೂಗು. ನಂದು ಬ್ಯಾರೆ ಕೆಲಸ ಐತಿ" ಅನ್ನುತ್ತಿದ್ದ. ಆ ಬೇರೆ ಕೆಲಸ ಏನೆಂದು ನಮಗೆ ಗೊತ್ತಾಗಲು ಮೂವತ್ತು ವರ್ಷ ಹಿಡಿಯಿತು. ಸೇಡು ತೀರಿಸಿಕೊಳ್ಳುವುದನ್ನೂ ಓದಿ ಕಲಿಯಬಹುದೆಂದು ನಮ್ಮಲ್ಲಿ ಯಾರಿಗೆ ಹೊಳೆದಿತ್ತು?

ಹಗರಿಬೊಮ್ಮನಹಳ್ಳಿಯ ಕಾಲೇಜೊಂದರಲ್ಲಿ ಇತಿಹಾಸ ಹೇಳುವ ಡಾ. ಕೆ. ಗಾದಿಲಿಂಗ ಎಂದರೆ ಈ ಐದು ತಾಲ್ಲೂಕಿನಲ್ಲಿ ಯಾರಿಗೂ ತಿಳಿಯುವುದಿಲ್ಲ. ಜಪಾನ್ ಮೇಷ್ಟ್ರು ಎಂದರೆ ಹಡಗಲಿ ಬಸ್ಸಿನ ಕಂಡಕ್ಟರೂ ಸೀಟು ಬಿಡಿಸಿ ಕೂರಿಸುತ್ತಾನೆ. ಮನೆ ತಂಬ್ರಹಳ್ಳಿಯಲ್ಲಿ, ಸೋದರಮಾವ ಕೊಟ್ಟ ಎರಡು ಅಂಕಣ. ಅದಕ್ಕೇ ಎಲ್ಲರೂ ಆತ ತಂಬ್ರಹಳ್ಳಿಯವನೇ ಅಂದುಕೊಂಡಿದ್ದರು. ಆತ ಅಲ್ಲ ಅನ್ನಲಿಲ್ಲ. ಆತ ಹುಟ್ಟಿದ್ದು ಕೂಡ್ಲಿಗಿ ಮತ್ತು ಕೊಟ್ಟೂರಿನ ನಡುವಿನ ಕರೇಕಲ್ಲಹಟ್ಟಿಯಲ್ಲಿ. ಆ ಹಟ್ಟಿ ಈಗಿಲ್ಲ. ಸರ್ಕಾರದ ಕಾಗದದ ಪ್ರಕಾರ ಆಗಲೂ ಇರಲಿಲ್ಲ.

ಅದು ಹೀಗಾಯಿತು. ಮಳೆಗೆ ಮುಂಚೆ ಹಿರಿಯರು ಒಂದು ಮಂಗಳವಾರ ಗೊತ್ತುಮಾಡಿದರೆ ಹಟ್ಟಿಗೆ ಹಟ್ಟಿಯೇ ಹೊರಬೀಡು ಹೋಗಬೇಕು. ಸೂರ್ಯ ಮೂಡುವುದರೊಳಗೆ ಒಲೆ ಆರಿಸಿ, ದನ, ಕೋಳಿ, ನಾಯಿ, ಬಾಣಂತಿ, ಮುದುಕರು ಎಲ್ಲರನ್ನೂ ಕರೆದುಕೊಂಡು ಅಗಸಿಬಾಗಿಲಿಗೆ ಮುಳ್ಳುಕಂಟಿ ಅಡ್ಡ ಇಟ್ಟು ಹೊಲಕ್ಕೆ ಹೊರಡುವುದು. ಊರನ್ನು ಒಂದು ಹಗಲು ದೇವಿಗೆ ಬಿಟ್ಟುಕೊಡುವುದು. ಹೊಲದಲ್ಲೇ ಕಲ್ಲು ಹೂಡಿ ಅಡುಗೆ ಮಾಡಿ, ಉಂಡು, ಹೊತ್ತು ಇಳಿದ ಮೇಲೆ ವಾಪಸಾಗುವುದು. ೧೯೮೩ರ ಮೇ ಹದಿನೇಳು ಅಂಥದೊಂದು ಮಂಗಳವಾರ. ಅವತ್ತೇ ಕಂದಾಯ ನಿರೀಕ್ಷಕ ಗುರುಬಸವರಾಜ ಜೀಪಿನಲ್ಲಿ ಬಂದರು. ಅಗಸಿಗೆ ಮುಳ್ಳು, ಒಳಗೆ ನಾಯಿಯೂ ಇಲ್ಲ. ಜೀಪು ತಿರುಗಿಸಿ ಹೊಗೆ ಕಂಡ ಕಡೆ ಹೋದರು. ಹುಣಸೆ ತೋಪಿನಲ್ಲಿ ಇಡೀ ಹಟ್ಟಿ ಕೂತು ಉಣ್ಣುತ್ತಿತ್ತು. ಗಾದಿಲಿಂಗನ ತಾಯಿ ದ್ಯಾಮಕ್ಕ ಸಾಹೇಬರಿಗೆ ಮುತ್ತುಗದ ಎಲೆ ಹಾಕಿ ಹೋಳಿಗೆ ನೀಡಿದಳು. ಅವರು ಇನ್ನೊಂದು ಕೇಳಿದರು. ಇದ್ದದ್ದು ಒಂದೇ, ಒಂಬತ್ತು ವರ್ಷದ ಮಗನಿಗೆಂದು ಎತ್ತಿಟ್ಟದ್ದು. ಅದನ್ನೂ ನೀಡಿದಳು. ಸಾಹೇಬರು ತಿಂದು, ಕೈ ತೊಳೆದುಕೊಂಡು, ಕಚೇರಿಗೆ ಹೋಗಿ ಪಂಚನಾಮೆ ಬರೆದರು: "ಸ್ಥಳ ಪರಿಶೀಲಿಸಲಾಗಿ ಜನವಸತಿ ಕಂಡುಬರಲಿಲ್ಲ. ಒಲೆಯ ಕುರುಹಿಲ್ಲ. ಬೇಚರಾಕ್."

ಚಿರಾಗ್ ಎಂದರೆ ದೀಪ. ಬೇಚರಾಕ್ ಎಂದರೆ ದೀಪ ಹಚ್ಚುವವರಿಲ್ಲದ ಊರು. ಆ ಒಂದು ಪದದ ಬಲದ ಮೇಲೆ ಹಟ್ಟಿಯ ಜಾಗವೂ ಸುತ್ತಲ ನೆಲವೂ ಪಾಳು ಎಂದಾಗಿ, ಎರಡು ವರ್ಷದಲ್ಲಿ ಹೊರಗಿನವರ ಮಾದರಿ ಬೇಸಾಯದ ಸಂಘವೊಂದಕ್ಕೆ ಹೋಯಿತು. ಪೊಲೀಸರು ಬಂದು ಗುಡಿಸಲು ಕಿತ್ತರು. ಅರವತ್ತೆರಡು ಮನೆಯವರು ಹೆದ್ದಾರಿ ಬದಿಗೆ ಬಿದ್ದರು. ಇವತ್ತಿಗೂ ಅಲ್ಲೇ ಇದ್ದಾರೆ. ಸಂಘದ ಬೇಸಾಯ ಹತ್ತು ವರ್ಷಕ್ಕೆ ಮುಗಿಯಿತು. ಆ ನೆಲದಲ್ಲಿ ಈಗ ಸೋಲಾರ್ ಹಲಗೆಗಳು ಬಿಸಿಲು ಕುಡಿಯುತ್ತಿವೆ. ಹುಣಸೆ ತೋಪೊಂದು ಬೇಲಿಯ ಹೊರಗೆ ಉಳಿದಿದೆ.

ಗಾದಿಲಿಂಗ ಮಾವನ ಮನೆಯಲ್ಲಿ ಬೆಳೆದು ಎಂ.ಎ. ಮಾಡಿದ. ಆ ವರ್ಷ ಗ್ರಂಥಾಲಯದಲ್ಲಿ, ಯಾರೋ ದಾನ ಕೊಟ್ಟ ರದ್ದಿಯ ನಡುವೆ ಒಂದು ಇಂಗ್ಲಿಷ್ ಪುಸ್ತಕ ಸಿಕ್ಕಿತು. ಮಂಚೂರಿಯಾದ ಒಂದು ಬಯಲಿನ ಫೋಟೊ, ಕೆಳಗೆ "ಯಾರೂ ಇಲ್ಲದ ನೆಲ, ಜಪಾನಿ ರೈತರಿಗಾಗಿ ಕಾದಿದೆ" ಎಂಬರ್ಥದ ಸಾಲು. ಬೇರೆಯವರಾದರೆ ಬಯಲು ನೋಡಿ ಪುಟ ತಿರುವುತ್ತಿದ್ದರು. ಈತ ಮೂಲೆಯಲ್ಲಿ ಒಂದು ಎಳೆ ಹೊಗೆ ನೋಡಿದ. ಅಲ್ಲಿ ಯಾರೋ ಅಡುಗೆ ಮಾಡುತ್ತಿದ್ದರು.

ಪಿಎಚ್.ಡಿ.ಗೆ ಅದೇ ವಿಷಯ ಎಂದಾಗ ಗೈಡು ನಕ್ಕರಂತೆ. "ನೀ ಚಿತ್ರದುರ್ಗ ದಾಟಿ ನೋಡಿಲ್ಲ. ಜಪಾನ್ ಯಾಕಲೇ ನಿನಗ? ಪಾಳೇಗಾರರ ಮ್ಯಾಲ ಬರಿ, ಎರಡು ವರ್ಷಕ್ಕ ಮುಗೀತೈತಿ." ನಾನೂ ಅದನ್ನೇ ಕೇಳಿದ್ದೆ. ನಮ್ಮ ಜನ ರಸ್ತೆ ಬದಿ ಬಿದ್ದಿರುವಾಗ ಇವನಿಗೆ ಸಮುದ್ರದಾಚೆಯ ಉಸಾಬರಿ ಯಾಕೆ ಎಂದು ಬೈದೂ ಇದ್ದೆ. ಆಗ ಆತ ಹೇಳಿದ್ದು: "ಹತ್ರದೋರ ಮ್ಯಾಲ ಬರದ್ರ ಹೊಡೀತಾರ, ಇಲ್ಲಾ ಕೊಂಡ್ಕೊಳ್ತಾರ. ದೂರದೋರ ಮ್ಯಾಲ ಬರದು ಕೈ ಪಳಗಿಸ್ತೀನಿ. ಆಮ್ಯಾಲ ನೋಡೋಣು."

ಜಪಾನಿ ಕಲಿತದ್ದು ಸಂಡೂರಿನಾಚೆ ಒಂದು ಕಾರ್ಖಾನೆಗೆ ಬಂದಿದ್ದ ಎಂಜಿನಿಯರನ ಹೆಂಡತಿಯಿಂದ. ವಾರಕ್ಕೆ ಎರಡು ದಿನ ಬಸ್ಸಿನಲ್ಲಿ ಹೋಗುತ್ತಿದ್ದ. "ಸಲೀಸು ಐತಿ ಲೇ, ನಮ್ಮಂಗ ಕ್ರಿಯಾಪದ ಕೊನಿಗೆ ಬರ್ತೈತಿ. ಕೊನಿತನಕ ಕಾಯಬೇಕು ಅಷ್ಟ" ಅನ್ನುತ್ತಿದ್ದ. ಹೊಸ ನೆಲ ಹದ ಮಾಡಿ ನೆಲೆಸುವುದಕ್ಕೆ ಅವರು ‘ಕೈತಾಕು’ ಅನ್ನುತ್ತಾರಂತೆ. ಇದನ್ನು ಹೇಳಿದಾಗ ದ್ಯಾಮಕ್ಕ ರೊಟ್ಟಿ ಬಡಿಯುತ್ತಿದ್ದಳು. ನಮ್ಮಲ್ಲಿ ತಾಕು ಎಂದರೆ ಹೊಲದ ತುಂಡು.

"ಕೈತಾಕಾ? ಯಾರ ಕೈ, ಯಾರ ತಾಕು?"

"ಅವ್ರ ಕೈ, ಮಂದೀದು ತಾಕು."

"ಹಂಗಾರ ನಿಮ್ಮ ಜಪಾನ್ದಾಗೂ ಆ ಹೋಳಿಗಿ ಸಾಹೇಬ ಅದಾನ ಅನ್ನು" ಅಂದು ಆಕೆ ರೊಟ್ಟಿ ತಿರುವಿ ಹಾಕಿದಳು.

ಇದ್ದ. ಫೆಲೋಶಿಪ್ ಸಿಕ್ಕಿ ಗಾದಿಲಿಂಗ ಎರಡು ವರ್ಷ ಸಪ್ಪೋರೊದಲ್ಲಿದ್ದ. ಹಿಮ ಬೀಳುವ ಊರಲ್ಲಿ ಕಂಬಳಿ ಹೊದ್ದು ದಫ್ತರ ತಿರುವಿದ. ಜಪಾನಿನ ಉತ್ತರದ ಆ ದ್ವೀಪದಲ್ಲಿ ಐನು ಎಂಬ ಜನ ಮೀನು ಹಿಡಿದು, ಬೇಟೆಯಾಡಿ ಬದುಕಿದ್ದರು. ಸರ್ಕಾರ ಅವರ ನೆಲವನ್ನು ತನ್ನದೆಂದು ಬರೆದುಕೊಂಡು ಹೊರಗಿನವರಿಗೆ ಹಂಚಿತು. ಅಲ್ಲಿ ಕಲಿತ ಪಾಠವನ್ನೇ ಮುಂದೆ ಮಂಚೂರಿಯಾಕ್ಕೆ ಒಯ್ದರು: ಇಪ್ಪತ್ತು ವರ್ಷದಲ್ಲಿ ಹತ್ತು ಲಕ್ಷ ಕುಟುಂಬ ಕಳಿಸುವ ಯೋಜನೆ. ಪಾಳು ಎಂದು ತೋರಿಸಿದ ನೆಲದಲ್ಲಿ ಬಹಳಷ್ಟನ್ನು ಚೀನೀ, ಕೊರಿಯನ್ ರೈತರು ಅದಾಗಲೇ ಉಳುತ್ತಿದ್ದರು. ಬಂದವರೂ ಬಡವರೇ. ಯುದ್ಧ ಸೋತಾಗ ಸೈನ್ಯ ಮೊದಲು ಓಡಿತು, ಆ ಬಡವರು ಬಯಲಲ್ಲಿ ಸತ್ತರು. ನಮ್ಮ ಬೇಸಾಯದ ಸಂಘದ ಕೂಲಿಗಳನ್ನೂ ಹೀಗೇ ನಡುನೀರಲ್ಲಿ ಬಿಟ್ಟಿದ್ದರು, ಅದು ಬೇರೆ ಮಾತು.

ಅಲ್ಲಿನ ದಫ್ತರದಲ್ಲಿ ಅವನಿಗೆ ಒಬ್ಬ ಸಣ್ಣ ಅಧಿಕಾರಿಯ ಎರಡು ಕಾಗದ ಸಿಕ್ಕವು. ಒಂದು ವರದಿ: ಈ ಹೊಳೆದಂಡೆ ನಿರ್ಜನ. ಇನ್ನೊಂದು ಅದೇ ಅಧಿಕಾರಿಯ ಸ್ವಂತ ದಿನಚರಿ, ಅದೇ ವಾರದ್ದು: ಈ ಹೊಳೆದಂಡೆಯ ಐನು ಮನೆಯಲ್ಲಿ ಸುಟ್ಟ ಮೀನು ಕೊಟ್ಟರು, ಬಹಳ ರುಚಿ. ಗಾದಿಲಿಂಗ ಎರಡನ್ನೂ ಪಕ್ಕ ಪಕ್ಕ ಇಟ್ಟು ಅವತ್ತು ಊಟ ಬಿಟ್ಟನಂತೆ. ಪ್ರಬಂಧದಲ್ಲಿ ಬರೆದ ಸಾಲು ನನಗೆ ಬಾಯಿಪಾಠ: "ಆಳುವವನು ಬರೆದದ್ದನ್ನು ಮರೆಯುತ್ತಾನೆ, ಉಂಡದ್ದನ್ನು ಮರೆಯುವುದಿಲ್ಲ. ಆದ್ದರಿಂದ ಅವನ ವರದಿ ಓದುವ ಮೊದಲು ಅವನ ನೆನಪುಗಳನ್ನು ಹುಡುಕಬೇಕು." ಪ್ರಬಂಧ ಪರೀಕ್ಷಿಸಲು ಬಂದವರೊಬ್ಬರು, "ಇದರಿಂದ ಕೂಡ್ಲಿಗಿಗೆ ಏನು ಉಪಯೋಗ?" ಎಂದು ಕೇಳಿದರು. "ಸಮಯ ಬರ್ಲಿ ಸರ್, ತೋರಿಸ್ತೀನಿ" ಅಂದನಂತೆ. ಅವರು ತಮಾಷೆ ಅಂದುಕೊಂಡರು.

ಇತ್ತ ನಾವು ಕರೇಕಲ್ಲಹಟ್ಟಿಯನ್ನು ಕಂದಾಯ ಗ್ರಾಮ ಮಾಡಿ, ಬದಲಿ ನೆಲ ಕೊಟ್ಟು, ಹಕ್ಕುಪತ್ರ ಕೊಡಿ ಎಂದು ಎರಡು ಸಲ ಅರ್ಜಿ ಹಾಕಿದೆವು. ಎರಡು ಸಲವೂ ಅದೇ ಪಂಚನಾಮೆ ಅಡ್ಡ ಬಂತು. "ಅವತ್ತು ಹೊರಬೀಡು ಹೋಗಿದ್ವಿ, ಸಾಹೇಬರು ನಮ್ಮ ಕಡೇನ ಉಂಡು ಹೋದ್ರು" ಎಂದು ದ್ಯಾಮಕ್ಕ ಎದ್ದು ನಿಂತು ಹೇಳಿದಳು. ವಿಚಾರಣೆ ನಡೆಸಿದ ಅಧಿಕಾರಿ ಮುಖ ಎತ್ತಲಿಲ್ಲ. "ಅಜ್ಜಿ, ಹೋಳಿಗೆಗೆ ರಸೀದಿ ಇದೆಯಾ?" ಕಚೇರಿಯವರೆಲ್ಲ ನಕ್ಕರು. ಗಾದಿಲಿಂಗ ಹಿಂದೆ ನಿಂತು ಪೆನ್ನಿನ ಮುಚ್ಚಳ ಕಚ್ಚುತ್ತಿದ್ದ. ನಮ್ಮ ಹಣೆಬರಹವೆಲ್ಲ ಈಗ ಅದೊಂದರ ಮೇಲೆ ನಿಂತಿತ್ತು: ಅವತ್ತು ಆ ನೆಲದಲ್ಲಿ ಮನುಷ್ಯರಿದ್ದರು ಎಂಬುದಕ್ಕೆ ಸರ್ಕಾರ ನಂಬುವ ಕೈಯಲ್ಲಿ ಬರೆದ ಒಂದು ಚೀಟಿ.

ಗುರುಬಸವರಾಜ ಬಡ್ತಿ ಮೇಲೆ ಬಡ್ತಿ ಪಡೆದು ತಹಶೀಲ್ದಾರರಾಗಿ ನಿವೃತ್ತರಾಗಿ ಕೊಟ್ಟೂರಿನಲ್ಲಿ ಮಹಡಿ ಮನೆ ಕಟ್ಟಿದ್ದರು. ಎರಡು ವರ್ಷದ ಹಿಂದೆ ಅವರಿಗೆ ಎಪ್ಪತ್ತೈದರ ಸನ್ಮಾನದ ಚಪಲ ಹತ್ತಿತು, ಜೊತೆಗೆ ಆತ್ಮಕಥೆಯದೂ. ಹೆಸರು ‘ನಾ ತುಳಿದ ತಾಲ್ಲೂಕುಗಳು’. ಮುನ್ನುಡಿಗೆ ಒಬ್ಬ ಡಾಕ್ಟರೇಟ್ ಆದವ ಬೇಕಿತ್ತು. ಜಪಾನ್ ಮೇಷ್ಟ್ರಿಗಿಂತ ದೊಡ್ಡ ಹೆಸರು ಹತ್ತಿರದಲ್ಲಿ ಇರಲಿಲ್ಲ. ಫೋನು ಬಂದಾಗ ಗಾದಿಲಿಂಗ ನನ್ನ ಎದುರಿಗೇ ಇದ್ದ. ಫೋನಿಟ್ಟ ಮೇಲೆ ಚಹ ಕುಡಿದು, ಲೋಟ ತೊಳೆದಿಟ್ಟು ಬಂದು ಕೂತ. "ಬಂದ" ಅಂದ, ಅಷ್ಟೇ.

ಹಸ್ತಪ್ರತಿ ಬಂತು. ಎಲ್ಲ ಇತ್ತು: ಬರಗಾಲ ನಿಭಾಯಿಸಿದ್ದು, ಮಂತ್ರಿಗಳು ಬೆನ್ನು ತಟ್ಟಿದ್ದು. ನೂರಾರು ಪುಟದ ನಡುವೆ ಆರು ಸಾಲು. ಒಮ್ಮೆ ಹಸಿದು ಹೊರಟಾಗ ಹಳ್ಳಿಗರು ಹೊಲದಲ್ಲಿ ಹೋಳಿಗೆ ನೀಡಿದರು, ಜನರ ಪ್ರೀತಿ ಅಂಥದ್ದು, ಎಂದು. ಊರಿಲ್ಲ, ತಾರೀಖಿಲ್ಲ. ನಾನಾಗಿದ್ದರೆ ಅವತ್ತೇ ಹೋಗಿ ಕುತ್ತಿಗೆಪಟ್ಟಿ ಹಿಡಿಯುತ್ತಿದ್ದೆ. ಗಾದಿಲಿಂಗ ಫೋನಿನ ಸ್ಪೀಕರ್ ಹಾಕಿ, ಬೆಣ್ಣೆಯಂಥ ದನಿ ತೆಗೆದ.

"ಸರ್, ಇಡೀ ಪುಸ್ತಕದಾಗ ಈ ಹೋಳಿಗಿ ಭಾಗನ ಜೀವಾಳ ನೋಡ್ರಿ. ಆದ್ರ ಸಣ್ಣದಾತು. ಓದೋರ ಕಣ್ಣಿಗೆ ಕಟ್ಟಬೇಕು. ಯಾವ ಊರು ಅಂದ್ರಿ?"

"ಕರೇಕಲ್ಲಹಟ್ಟಿ ಅಂತ ಒಂದು ಇತ್ತಪ್ಪ, ಈಗಿಲ್ಲ ಅದು. ಹೊರಬೀಡು ಹೋಗಿದ್ರು."

"ಮಂದಿ ಎಷ್ಟಿದ್ರು ಸರ್?"

"ಇದ್ರಪ್ಪ, ಮುನ್ನೂರಕ್ಕ ಕಡಿಮಿ ಇಲ್ಲ. ಅರವತ್ತು ಒಲಿ ಉರೀತಿದ್ವು. ಒಬ್ಬ ಹೆಣ್ಮಗಳು ಎರಡೆರಡು ಹೋಳಿಗಿ ನೀಡಿದ್ಲು. ಅಂಥ ಮಂದಿ ಈಗೆಲ್ಲಿ ಅದಾರ?"

"ತಾರೀಖು ಇದ್ರ ಇತಿಹಾಸಕ್ಕ ಒಂದು ತೂಕ ಸರ್."

"ನನ್ನ ಪ್ರವಾಸದ ದಿನಚರಿ ಎಲ್ಲಾ ಜೋಪಾನ ಇಟ್ಟೀನಿ. ನೋಡಿ ಹೇಳ್ತೀನಿ."

"ಹಂಗಾರ ಒಂದು ಕೆಲಸ ಮಾಡೋಣ್ರಿ. ಆ ಪುಟದ ಫೋಟೊನ ಪುಸ್ತಕದಾಗ ಹಾಕಿಬಿಡ್ರಿ. ನಿಮ್ಮ ಅಕ್ಷರ ಮುತ್ತಿನಂಗ ಅದಾವು."

ಮುದುಕ ಉಬ್ಬಿದ. ಆರು ಸಾಲು ಮೂರು ಪುಟವಾಯಿತು. ದಿನಚರಿಯ ಹಾಳೆ ಬಂತು: ‘೧೭-೫-೮೩, ಮಂಗಳವಾರ. ಕರೇಕಲ್ಲಹಟ್ಟಿ ಜನರೊಡನೆ ಭೋಜನ. ಹೋಳಿಗೆ ಉತ್ತಮ.’ ಕೆಳಗೆ ಸಹಿ. ಗಾದಿಲಿಂಗ ಕಾಗುಣಿತ ಬಿಟ್ಟು ಬೇರೇನೂ ತಿದ್ದಲಿಲ್ಲ.

ಕೆಲಸ ಕೆಡಬಹುದಾಗಿದ್ದು ಪ್ರೆಸ್ಸಿನಲ್ಲಿ. ಪ್ರೆಸ್ಸಿನ ಮಾಲೀಕ, ಕೊಟ್ಟೂರಿನ ಕೊಟ್ರಸ್ವಾಮಿ, ಸಾಹೇಬರಿಗೆ ದೂರದ ನೆಂಟ; ಮೂವತ್ತು ವರ್ಷದಿಂದ ನಮ್ಮ ಕರಪತ್ರ ಅಚ್ಚು ಹಾಕಿದವನೂ ಅವನೇ. ಪ್ರತಿ ಕರಪತ್ರದಲ್ಲೂ ಇದ್ದ ಹದಿನೇಳು ಐದು ಎಂಬತ್ಮೂರು ಎಂಬ ತಾರೀಖು ಅವನ ಕೈಬೆರಳಿಗೇ ಗೊತ್ತಿತ್ತು. ಗಾದಿಲಿಂಗ ಕರಡು ತಿದ್ದಲು ಹೋದಾಗ ಕನ್ನಡಕ ಹಣೆಗೇರಿಸಿ ಅವನನ್ನೇ ನೋಡಿದ.

"ಮೇಷ್ಟ್ರ, ಈ ತಾರೀಖು ಎಲ್ಲೋ ನೋಡಿನಲ್ರಿ."

"ನೋಡಿರ್ತೀರಿ."

"ಸಾಹೇಬ್ರು ನಮ್ಮ ಪೈಕಿ. ನಾಳಿ ಮದ್ವಿ, ಮುಂಜಿಗೆ ಮುಖ ನೋಡಬೇಕು ನಾನು."

"ಹೌದು. ನೀವು ಹೇಳಿದ್ರ ಹೇಳ್ರಿ, ಬ್ಯಾಡ ಅನ್ನಂಗಿಲ್ಲ."

ಕೊಟ್ರಸ್ವಾಮಿ ಕರಡನ್ನು ಮಡಚಿ ಹಲಗೆಯ ಮೇಲಿಟ್ಟ. "ನಾ ಪ್ರಿಂಟರ್. ಕೊಟ್ಟಿದ್ದು ಅಚ್ಚು ಹಾಕಾದು ನನ್ನ ಕೆಲಸ. ಸಾಹೇಬ್ರು ತಾವಾ ಕೊಟ್ಟಾರ, ಸಹಿನೂ ಹಾಕ್ಯಾರ. ಫೋಟೊ ಇನ್ನೊಂದೀಟು ದೊಡ್ಡದು ಮಾಡ್ಲೇನು?"

ಹೋದ ವರ್ಷ ಕೂಡ್ಲಿಗಿಯ ಕಲ್ಯಾಣಮಂಟಪವೊಂದರಲ್ಲಿ ಸಮಾರಂಭ ನಡೆಯಿತು. ಶಾಲು, ಹಾರ, ಪೇಟ. ಪುಸ್ತಕ ಕುರಿತು ಮಾತಾಡಲು ಗಾದಿಲಿಂಗ ಎದ್ದ. ಸುಮ್ಮನೆ ನೂರಾ ಹನ್ನೆರಡನೇ ಪುಟ ತೆಗೆದು ಹೋಳಿಗೆಯ ಭಾಗವನ್ನು ಓದಿದ. ಅರವತ್ತು ಒಲೆ ಬಂದಾಗ ಜನ ತಲೆದೂಗಿದರು. ಎರಡನೆಯ ಹೋಳಿಗೆಗೆ ಚಪ್ಪಾಳೆ ಬಿತ್ತು. ಸಾಹೇಬರು ಕಣ್ಣು ಒರೆಸಿಕೊಂಡರು. ಗಾದಿಲಿಂಗ ಪುಸ್ತಕ ಮುಚ್ಚಿ ಜೇಬಿನಿಂದ ಒಂದು ಹಾಳೆ ತೆಗೆದ. "ಇದೂ ಸಾಹೇಬರ ಬರವಣಿಗೆನ. ಪುಸ್ತಕದಾಗ ಬಿಟ್ಟು ಹೋಗೈತಿ. ತಾರೀಖು ಅದಾ, ಹದಿನೇಳು ಐದು ಎಂಬತ್ಮೂರು." ಪಂಚನಾಮೆಯನ್ನು ಅದೇ ದನಿಯಲ್ಲಿ, ಅಷ್ಟೇ ನಿಧಾನವಾಗಿ ಓದಿದ. ಜನವಸತಿ ಕಂಡುಬರಲಿಲ್ಲ. ಒಲೆಯ ಕುರುಹಿಲ್ಲ. ಬೇಚರಾಕ್.

ಸಾಹೇಬರು ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಯಾರು ನೀನು?" ಅಂದರು, ಮೈಕಿಲ್ಲದೆ.

"ಆ ಎರಡನೇ ಹೋಳಿಗಿ ನಂದು ಸರ್" ಅಂದ ಗಾದಿಲಿಂಗ. ಇಳಿದು ಬಂದು ನಮ್ಮ ಸಾಲಿನಲ್ಲಿ ಕೂತ.

ಸಾಹೇಬರ ಮಗ ಮೈಕು ಕಿತ್ತ. ಬಾಗಿಲಲ್ಲಿ ಹಂಚಿದ ಪುಸ್ತಕಗಳನ್ನೆಲ್ಲ ವಾಪಸು ಕೇಳಿದರು. ಮೂರನೇ ದಿನ ಸಾಹೇಬರು ಕೊಟ್ರಸ್ವಾಮಿಯ ಕೈಲಿ ಹೇಳಿ ಕಳಿಸಿದರು: ಆ ಪುಟ ಹರಿದು ಹಾಕೋಣ, ನನಗೂ ವಯಸ್ಸಾಯಿತು, ಅವತ್ತು ಮೇಲಿನವರ ಒತ್ತಡ ಇತ್ತು, ಕ್ಷಮಿಸಿಬಿಡಲಿ, ಎಂದು. ಗಾದಿಲಿಂಗ ಉತ್ತರಪತ್ರಿಕೆ ತಿದ್ದುತ್ತಿದ್ದ. "ಕ್ಷಮಾ ನನ್ನ ಇಲಾಖಿ ಅಲ್ರಿ" ಅಂದ. ಅಷ್ಟರಲ್ಲಿ ಪುಸ್ತಕ ನಮ್ಮ ಮೂರನೇ ಅರ್ಜಿಯ ಬೆನ್ನಿಗೆ ಹೊಲಿಸಿಕೊಂಡು ಉಪವಿಭಾಗಾಧಿಕಾರಿಯ ಮೇಜಿಗೆ ಹೋಗಿತ್ತು. ಬರೆದವರು ಬದುಕಿರುವುದರಿಂದ ಅವರನ್ನೇ ಕರೆಸಿ ಸ್ಥಳ ಮಹಜರು ಮಾಡಿ ಎಂದು ಆದೇಶವಾಯಿತು. ಮಹಜರಿಗೆ ನಿಗದಿಯಾದದ್ದು ಈ ವರ್ಷದ ಮೇ ತಿಂಗಳ ಒಂದು ಮಂಗಳವಾರ. ಹೊರಬೀಡಿನ ದಿನ ಇನ್ನೂ ಗೊತ್ತಾಗಿರಲಿಲ್ಲ. ಗಾದಿಲಿಂಗ ಹಿರಿಯರ ಹತ್ತಿರ ಹೋಗಿ ಅದೇ ಮಂಗಳವಾರ ಇಡಿಸಿದ.

ಹೆದ್ದಾರಿ ಬದಿಯ ಮನೆಗಳಿಗೆ ಮುಳ್ಳು ಅಡ್ಡ ಇಟ್ಟು ಎಲ್ಲರೂ ಹಳೆಯ ಹುಣಸೆ ತೋಪಿಗೆ ಹೋದರು. ನಲವತ್ತು ವರ್ಷವೂ ತಪ್ಪದೆ ಹೋದವರೇ. ಜೀಪು ಬಂತು. ಅಧಿಕಾರಿ, ಇಬ್ಬರು ಸರ್ವೆಯವರು, ಕೋಲು ಹಿಡಿದ ಗುರುಬಸವರಾಜ. ತೋರಿಸಿ ಎಂದಾಗ ಸಾಹೇಬರು ಕೋಲೆತ್ತಿ ತೋರಿಸಿದರು: ಅಲ್ಲಿ ಅಗಸಿ, ಆ ಬೇಲಿಯೊಳಗೆ ಮನೆಗಳು, ಇಲ್ಲಿ ನಾನು ಕೂತಿದ್ದೆ. ಎಲ್ಲ ನೆನಪಿತ್ತು. ಸರ್ವೆಯವನು ಒಲೆ ಎಣಿಸಿ ಬರೆದುಕೊಂಡ, ಅರವತ್ತೆರಡು. ಸಾಹೇಬರು ಸಹಿ ಹಾಕಿದರು: ೧೯೮೩ರಲ್ಲಿ ಇಲ್ಲಿ ಜನವಸತಿ ಇದ್ದದ್ದು ನಿಜ.

ಊಟದ ಹೊತ್ತು. ಅಧಿಕಾರಿಗೆ, ಸರ್ವೆಯವರಿಗೆ, ಡ್ರೈವರಿಗೆ ಎಲೆ ಬಿತ್ತು. ಸಾಹೇಬರೂ ಸಾಲಿನಲ್ಲಿ ಕೂತರು, ಹಳೆಯ ಜಾಗದಲ್ಲೇ. ದ್ಯಾಮಕ್ಕ ಬುಟ್ಟಿ ಹಿಡಿದು ನೀಡುತ್ತ ಬಂದಳು. ಅವರನ್ನು ದಾಟಿ ಮುಂದೆ ಹೋದಳು.

"ಯಮ್ಮಾ, ನನಗ ಎಲಿ ಬಂದಿಲ್ಲ" ಅಂದರು ಅವರು.

ಆಕೆ ನಿಂತು, ಬುಟ್ಟಿಯನ್ನು ಸೊಂಟಕ್ಕಿಟ್ಟು, ಅವರನ್ನು ಮೇಲಿಂದ ಕೆಳಗೆ ನೋಡಿದಳು. "ಇಲ್ಲಿ ಯಾರೂ ಇಲ್ಲಲ್ಲಪ್ಪ, ನೀನಾ ಬರದಿ. ಯಾರು ನೀಡಬೇಕು ನಿನಗ?"

ಅಧಿಕಾರಿಯ ತುತ್ತು ಕೈಯಲ್ಲೇ ಉಳಿಯಿತು. ಹಟ್ಟಿಯ ಮುನ್ನೂರು ಮಂದಿಯಲ್ಲಿ ಒಬ್ಬರೂ "ಇರ್ಲಿ ಬಿಡವ್ವಾ" ಅನ್ನಲಿಲ್ಲ. ನಾನೂ ಅನ್ನಲಿಲ್ಲ. ಸಾಹೇಬರು ಕೋಲೂರಿ ಎದ್ದು, ಹೋಗಿ ಜೀಪಿನಲ್ಲಿ ಕೂತರು. ಉಳಿದವರು ಉಂಡು ಮುಗಿಸುವವರೆಗೆ ಬಿಸಿಲಿನಲ್ಲಿ, ಹೋಳಿಗೆಯ ವಾಸನೆಯಲ್ಲಿ, ಅಲ್ಲೇ ಕೂತಿದ್ದರು.

ಜೀಪು ಹೋದ ಮೇಲೆ ಗಾದಿಲಿಂಗ ಎಲೆ ಹಾಕಿಕೊಂಡು ಕೂತ. ದ್ಯಾಮಕ್ಕ ಒಂದು ನೀಡಿದಳು. ತಿಂದ.

"ಇನ್ನೊಂದು ಹಾಕು" ಅಂದ.